ನ್ಯೂಯಾರ್ಕಿನ ವಿಮರ್ಶಕರ ದಾರಿ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದಲ್ಲಿ ಬೀದಿಗಳಿಗೆ ಹೆಸರುಗಳಿಗಿಂತ ಅಂಕೆಗಳೇ ಹೆಚ್ಚು. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಅಡ್ಡಬೀದಿಗಳ ಸಂಖ್ಯೆ ಏರುತ್ತ ಹೋಗುವುದು. ಅವನ್ನು ಉದ್ದಕ್ಕೆ ಸೀಳಿಕೊಂಡು ಸಾಗುವ ಹಿರಿಯ ಬೀದಿಗಳನ್ನು ಅವೆನ್ಯೂಗಳೆಂದು ಕರೆಯುವರು. ಎಣಿಕೆ ಬಲ್ಲವನು ಇಲ್ಲಿ ದಾರಿ ತಪ್ಪುವುದು ಕಷ್ಟ. ಈ ಲೆಕ್ಕದ ಊರಿನಲ್ಲಿ 44ನೆಯ ಬೀದಿಯಿಂದ ಹೊರಟು, ಬಲಕ್ಕೂ ಮೇಲಕ್ಕೂ ತಿರುಗುತ್ತ 58ನೆಯ ಬೀದಿಯನ್ನು ಮುಟ್ಟುವ ಒಂದು ನಡಿಗೆಯುಂಟು. ಎಲ್ಲಿಯೂ ನಿಲ್ಲದೆ ನಡೆದರೆ ಅರ್ಧ ಗಂಟೆ ಸಾಕು. ನಿಂತು ನೋಡಿದರೆ ಒಂದು ಹಗಲು ಸಾಲದು. ಪ್ರವಾಸಿಗಳ ಕೈಪಿಡಿಗಳಲ್ಲಿ ಈ ನಡಿಗೆಗೆ ಹೆಸರಿಲ್ಲ. ಆದರೆ ಚಲಚ್ಚಿತ್ರವನ್ನು ಕುರಿತು ನಿರ್ಭಯವಾಗಿ ಅಭಿಪ್ರಾಯ ಹೇಳುವ ಹಕ್ಕು ಒಂದು ನಗರದಲ್ಲಿ ಹೇಗೆ ಬೇರೂರಿತೆಂಬ ಕಥೆಯ ಬಹುಪಾಲು ಈ ಕಿರುದಾರಿಯ ಇಕ್ಕೆಲಗಳಲ್ಲಿಯೇ ನಡೆದಿದೆ.

ಆ ಕಥೆಯ ನಾಯಕರು ಚಿತ್ರತಾರೆಯರಲ್ಲ, ಪತ್ರಿಕೆಗಳ ವಿಮರ್ಶಕರು. 1935ರಲ್ಲಿ ನ್ಯೂಯಾರ್ಕಿನ ದಿನಪತ್ರಿಕೆಗಳ ಚಿತ್ರವಿಮರ್ಶಕರು ಒಂದು ಮಂಡಲಿಯಾಗಿ ಕೂಡಿ, ವರ್ಷಕ್ಕೊಮ್ಮೆ ತಮಗೆ ಮೆಚ್ಚಿಗೆಯಾದ ಚಿತ್ರಗಳಿಗೆ ಗೌರವ ಸಲ್ಲಿಸಲು ನಿಶ್ಚಯಿಸಿದರು. ಹಾಲಿವುಡ್ಡಿನ ಅಕಾಡೆಮಿ ಅದಾಗಲೇ ಆಸ್ಕರ್ ಪ್ರಶಸ್ತಿಗಳನ್ನು ಹಂಚುತ್ತಿದ್ದಿತು. ಅಲ್ಲಿ ಚಿತ್ರಗಳನ್ನು ತಯಾರಿಸುವವರೇ ಚಿತ್ರಗಳಿಗೆ ಬಹುಮಾನ ಕೊಡುತ್ತಿದ್ದರು. ಸಿನಿಮಾ ಮಾಡುವವರು ಪಶ್ಚಿಮದ ಕರಾವಳಿಯಲ್ಲಿ, ಅದನ್ನು ನೋಡಿ ಬರೆಯುವವರು ಪೂರ್ವದ ಕರಾವಳಿಯಲ್ಲಿ. ನಡುವೆ ಮೂರು ಸಾವಿರ ಮೈಲಿಗಳಷ್ಟು ಅಂತರ. ತೀರ್ಪು ಹೇಳುವವರಿಗೆ ಅಷ್ಟು ದೂರವಿರುವುದು ಒಳ್ಳೆಯದೇ ಆಯಿತು. ಮೊದಲನೆಯ ವರ್ಷ ಜಾನ್ ಫೋರ್ಡನ ‘ದಿ ಇನ್‌ಫಾರ್ಮರ್’ ಶ್ರೇಷ್ಠ ಚಿತ್ರವೆನಿಸಿತು. ಮರುವರ್ಷವೇ ಮಂಡಲಿ ಪರದೇಶದ ಚಿತ್ರಗಳಿಗಾಗಿ ಪ್ರತ್ಯೇಕ ಗೌರವವನ್ನು ಏರ್ಪಡಿಸಿ, ಫ್ರಾನ್ಸಿನ ‘ಲಾ ಕೆರ್ಮೆಸ್ ಎರೋಯಿಕ್’ ಚಿತ್ರವನ್ನು ಆರಿಸಿತು. ಅಕಾಡೆಮಿ ಪರಭಾಷಾ ಚಿತ್ರಗಳಿಗೆ ಸ್ಪರ್ಧೆಯ ಪ್ರಶಸ್ತಿಯನ್ನಿಟ್ಟದ್ದು 1956ನೆಯ ವರ್ಷದ ಚಿತ್ರಗಳಿಂದ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಈ ಪತ್ರಿಕಾ ಬರಹಗಾರರು ಮನೆಯ ಚಿತ್ರಕ್ಕೊಂದು ಮಣೆ, ಹೊರಗಿನ ಚಿತ್ರಕ್ಕೊಂದು ಮಣೆ ಹಾಕಿ ಕೂರಿಸಿದ್ದರು.

ಊಟದ ಮನೆ, ಪತ್ರಿಕೆಯ ಮನೆ

ನಡಿಗೆಯನ್ನು 44ನೆಯ ಬೀದಿಯ ಸಾರ್ಡಿ ಭೋಜನಶಾಲೆಯ ಮುಂದೆ ಆರಂಭಿಸುವುದು ಉಚಿತ. 1927ರಿಂದ ಈ ಸ್ಥಳದಲ್ಲಿಯೇ ಇರುವ ಸಾರ್ಡಿಯ ಗೋಡೆಗಳ ತುಂಬ ನಟನಟಿಯರ ವಿನೋದಚಿತ್ರಗಳು. ಮೂಗು ಉದ್ದವಾದವರ ಮೂಗನ್ನು ಇನ್ನಷ್ಟು ಎಳೆದು, ಗಲ್ಲ ಚೂಪಾದವರ ಗಲ್ಲವನ್ನು ಇನ್ನಷ್ಟು ಚೂಪುಮಾಡಿ ಬರೆದ ನೂರಾರು ಮುಖಗಳು ಉಣ್ಣುವವರನ್ನು ನೋಡುತ್ತಿರುತ್ತವೆ. ಸುತ್ತಮುತ್ತಲೆಲ್ಲ ನಾಟಕಶಾಲೆಗಳು. ಬೆನ್ನಿಗೆ, 43ನೆಯ ಬೀದಿಯಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕಟ್ಟಡವಿದ್ದಿತು. 2007ರಲ್ಲಿ ಪತ್ರಿಕೆ ಬೇರೆ ಮನೆಗೆ ಹೋಯಿತು. ‘ಹೆರಲ್ಡ್ ಟ್ರಿಬ್ಯೂನ್’ ಪತ್ರಿಕೆ 41ನೆಯ ಬೀದಿಯಲ್ಲಿ. ಹೀಗೆ ಬರೆಯುವವನ ಮೇಜಿಗೂ ಉಣ್ಣುವ ಮೇಜಿಗೂ ನಡುವೆ ಕೂಗಳತೆಯ ದೂರ. 1960ರ ದಶಕದಲ್ಲಿ ವಿಮರ್ಶಕ ಮಂಡಲಿಯ ಪ್ರಶಸ್ತಿ ಸಮಾರಂಭಗಳು ನಡೆಯುತ್ತಿದ್ದುದು ಈ ಸಾರ್ಡಿಯಲ್ಲಿ.

ಈ ನೆರೆಹೊರೆಯ ಇನ್ನೊಂದು ಮುಖವನ್ನೂ ಇಲ್ಲಿಯೇ ನೆನೆಯಬೇಕು. 1962ರ ಡಿಸೆಂಬರ್ 8ರಂದು ನಗರದ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದರು. ಏಳು ದಿನಪತ್ರಿಕೆಗಳು ಒಮ್ಮೆಗೇ ನಿಂತುಹೋದುವು. ಮುಷ್ಕರ 114 ದಿನ ನಡೆದು, 1963ರ ಮಾರ್ಚಿ ಕೊನೆಯಲ್ಲಿ ಮುಗಿಯಿತು. ಪ್ರಶಸ್ತಿಯ ಕಾಲವಾದ ಡಿಸೆಂಬರ್, ಜನವರಿ ತಿಂಗಳುಗಳು ಪತ್ರಿಕೆಯಿಲ್ಲದೆ ಕಳೆದುವು. ಆ ವರ್ಷ ಮಂಡಲಿ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ಅಚ್ಚಿನಮನೆಯಲ್ಲಿ ಮೊಳೆ ಜೋಡಿಸುವವನ ಕೈ ನಿಂತರೆ ವಿಮರ್ಶಕನ ಬಾಯಿಯೂ ನಿಲ್ಲುವುದೆಂಬುದನ್ನು ಆ ಚಳಿಗಾಲ ತೋರಿಸಿಕೊಟ್ಟಿತು. ಮುಷ್ಕರದ ಪೆಟ್ಟಿನಿಂದ ಕೆಲವು ಪತ್ರಿಕೆಗಳು ಚೇತರಿಸಿಕೊಳ್ಳಲೇ ಇಲ್ಲ. ‘ಮಿರರ್’ 1963ರಲ್ಲಿಯೇ ಕಣ್ಮುಚ್ಚಿತು. ‘ಹೆರಲ್ಡ್ ಟ್ರಿಬ್ಯೂನ್’ 1966ರಲ್ಲಿ. ದಿನಪತ್ರಿಕೆಗಳವರದೇ ಆಗಿದ್ದ ಮಂಡಲಿಯ ಬಾಗಿಲು ತಮಗೆ ತೆರೆಯದಿದ್ದುದರಿಂದ ನಿಯತಕಾಲಿಕಗಳ ವಿಮರ್ಶಕರು ಅದೇ 1966ರಲ್ಲಿ ಬೇರೊಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಹಳೆಯ ಮಂಡಲಿಯೂ ಕಾಲಕ್ರಮದಲ್ಲಿ ಬಾಗಿಲನ್ನು ಅಗಲಿಸಿತು.

ಎಂಟು ಲಕ್ಷ ಡಾಲರಿಗೆ ಸುಡಬೇಕಾಗಿದ್ದ ಚಿತ್ರ

ಸಾರ್ಡಿಯಿಂದ ಬ್ರಾಡ್‌ವೇಗೆ ಬಂದು ಉತ್ತರಕ್ಕೆ ತಿರುಗಿದರೆ, ಹಗಲನ್ನು ನಾಚಿಸುವ ಜಾಹೀರಾತು ದೀಪಗಳ ನಡುವೆ, 47ನೆಯ ಬೀದಿಯ ಮೂಲೆಯಲ್ಲಿ ಪ್ಯಾಲೆಸ್ ರಂಗಮಂದಿರವಿದೆ. ಈಚೆಗೆ ಇದು ಇನ್ನೊಂದು ಕಾರಣಕ್ಕಾಗಿ ಸುದ್ದಿಯಾಯಿತು. ಕೆಳಗೆ ಅಂಗಡಿಗಳಿಗೆ ಜಾಗ ಮಾಡುವುದಕ್ಕೆಂದು ಎಂಜಿನಿಯರುಗಳು 2022ರಲ್ಲಿ ಇಡೀ ಪ್ರೇಕ್ಷಕಾಂಗಣವನ್ನೇ ಸುಮಾರು 30 ಅಡಿ ಮೇಲಕ್ಕೆತ್ತಿ ನಿಲ್ಲಿಸಿದರು. 2024ರಲ್ಲಿ ಅದು ಮತ್ತೆ ತೆರೆಯಿತು. ಚಿತ್ರಪ್ರೇಮಿಗಳಿಗೆ ಮಾತ್ರ ಪ್ಯಾಲೆಸ್ ಎಂದರೆ 1941ರ ಮೇ 1ರ ಸಂಜೆ. ಅಂದು ಇಲ್ಲಿ ‘ಸಿಟಿಜನ್ ಕೇನ್’ ಮೊದಲ ಸಲ ತೆರೆ ಕಂಡಿತು. ನಿರ್ದೇಶಕ ಆರ್ಸನ್ ವೆಲ್ಸ್‌ನಿಗೆ ಇನ್ನೂ 26 ತುಂಬಿರಲಿಲ್ಲ.

ಒಬ್ಬ ಪತ್ರಿಕಾ ದೊರೆಯ ಏಳುಬೀಳುಗಳನ್ನು ಹೇಳುವ ಈ ಚಿತ್ರ ತನ್ನನ್ನೇ ಕುರಿತದ್ದೆಂದು ವಿಲಿಯಮ್ ರಾಂಡಾಲ್ಫ್ ಹರ್ಸ್ಟ್ ಕೆರಳಿದನು. ದೇಶದ ಉದ್ದಗಲಕ್ಕೂ ಪತ್ರಿಕೆಗಳನ್ನು ಹೊಂದಿದ್ದ ಧನಿಕನವನು. ಅವನ ಪತ್ರಿಕೆಗಳಲ್ಲಿ ಚಿತ್ರದ ಜಾಹೀರಾತಿಗೂ ಎಡೆಯಿಲ್ಲವಾಯಿತು. ಹಾಲಿವುಡ್ಡಿನ ಪ್ರಮುಖನೊಬ್ಬನು, ತಯಾರಕ ಸಂಸ್ಥೆಯಾದ ಆರ್‌ಕೆಓ ಚಿತ್ರದ ಮೂಲಪ್ರತಿಯನ್ನು ಸುಟ್ಟುಹಾಕುವುದಾದರೆ ಎಂಟು ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಕೊಡಿಸುವುದಾಗಿ ಹೇಳಿಕಳುಹಿಸಿದನು. ಸಂಸ್ಥೆ ಒಪ್ಪಲಿಲ್ಲ. ಆದರೆ ಚಿತ್ರವನ್ನು ತೋರಿಸಲು ದೊಡ್ಡ ಮಂದಿರಗಳು ಹಿಂಜರಿದುವು. ರೇಡಿಯೋ ಸಿಟಿ ಸಂಗೀತ ಭವನ ಕೈಚೆಲ್ಲಿದ ಮೇಲೆ ಪ್ಯಾಲೆಸ್ಸಿನ ಪಾಲಿಗೆ ಆ ಪ್ರಥಮ ಪ್ರದರ್ಶನ ಬಂದಿತು.

ವರ್ಷದ ಕೊನೆಯಲ್ಲಿ ವಿಮರ್ಶಕ ಮಂಡಲಿ ‘ಸಿಟಿಜನ್ ಕೇನ್’ ಚಿತ್ರವನ್ನೇ ವರ್ಷದ ಶ್ರೇಷ್ಠ ಚಿತ್ರವೆಂದು ಸಾರಿತು. ಆಸ್ಕರ್ ಸ್ಪರ್ಧೆಯಲ್ಲಿ ಅದು ಒಂಬತ್ತು ವಿಭಾಗಗಳಿಗೆ ಸೂಚಿತವಾಗಿದ್ದರೂ ಗೆದ್ದದ್ದು ಚಿತ್ರಕಥೆಯ ಪ್ರಶಸ್ತಿಯೊಂದನ್ನೇ. ಶ್ರೇಷ್ಠ ಚಿತ್ರದ ಗೌರವ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಗೆ ಸಂದಿತು. ಮಂಡಲಿಯಲ್ಲಿಯೂ ನಿರ್ದೇಶಕ ಪ್ರಶಸ್ತಿ ವೆಲ್ಸ್‌ನಿಗೆ ದೊರೆಯಲಿಲ್ಲ. ಅದು ಅದೇ ‘ವ್ಯಾಲಿ’ ಚಿತ್ರದ ಜಾನ್ ಫೋರ್ಡನಿಗೆ ಹೋಯಿತು. ಆದುದರಿಂದ ವಿಮರ್ಶಕರು ಹರ್ಸ್ಟನ ಮೇಲಿನ ಹಟಕ್ಕೆ ಬಹುಮಾನ ಕೊಟ್ಟರೆಂದು ಯಾರೂ ಹೇಳುವಂತಿರಲಿಲ್ಲ. ಚಿತ್ರವನ್ನು ಚಿತ್ರವೆಂದು ತೂಗಿದ್ದರು, ಅಷ್ಟೆ.

ಮೂರು ಶಿಖರಗಳ ನಡುವೆ

47ನೆಯ ಬೀದಿಯಿಂದ ಆರನೆಯ ಅವೆನ್ಯೂಗೆ ನಡೆದು ಮೇಲೇರಿದರೆ 50ನೆಯ ಬೀದಿಯ ಬಳಿ ರೇಡಿಯೋ ಸಿಟಿ ಸಂಗೀತ ಭವನ ಎದುರಾಗುವುದು. 1932ರ ಡಿಸೆಂಬರಿನಲ್ಲಿ ತೆರೆದ ಈ ಭವನದಲ್ಲಿ ಸುಮಾರು ಆರು ಸಾವಿರ ಜನ ಕೂರಬಹುದು. ಅದರ ಹಿಂದೆ ರಾಕ್‌ಫೆಲರ್ ಸಮುಚ್ಚಯದ ಮುಖ್ಯ ಗೋಪುರ; ಆ ಗೋಪುರದ 65ನೆಯ ಅಂತಸ್ತಿನಲ್ಲಿ ‘ರೇನ್‌ಬೋ ರೂಮ್’ ಎಂಬ ವಿಲಾಸದ ಭೋಜನಾಂಗಣ. ಸಮುಚ್ಚಯವನ್ನು ದಾಟಿ ಐದನೆಯ ಅವೆನ್ಯೂಗೆ ಬಂದರೆ ಸಂತ ಪ್ಯಾಟ್ರಿಕ್ಕನ ಮಹಾದೇವಾಲಯ, ತನ್ನ ಜೋಡಿ ಶಿಖರಗಳೊಡನೆ. ಸಂಗೀತದ ಭವನ, ಸಂಪತ್ತಿನ ಗೋಪುರ, ದೇವರ ಮನೆ, ಮೂರೂ ಒಂದಕ್ಕೊಂದು ಕಲ್ಲೆಸೆತದ ದೂರದಲ್ಲಿ ನಿಂತಿವೆ. ವಿಮರ್ಶಕ ಮಂಡಲಿಯ ಅತ್ಯಂತ ಕಠಿನ ಪರೀಕ್ಷೆ ನಡೆದುದು ಈ ಮೂರರ ನಡುವೆ, 1950–51ರ ಚಳಿಗಾಲದಲ್ಲಿ.

ಪೋಲೆಂಡಿನಿಂದ ವಲಸೆ ಬಂದಿದ್ದ ಜೋಸೆಫ್ ಬರ್ಸ್ಟಿನ್ ಎಂಬವನು ಪರದೇಶದ ಚಿತ್ರಗಳನ್ನು ತರಿಸಿ ಹಂಚುವ ಚಿಕ್ಕ ವ್ಯಾಪಾರಿ. ಯುದ್ಧದಿಂದ ನೊಂದ ಇಟಲಿಯ ಹೊಸ ಚಿತ್ರಗಳನ್ನು ಅಮೆರಿಕದವರಿಗೆ ಪರಿಚಯಿಸಿದವರಲ್ಲಿ ಅವನೂ ಅವನ ಜೊತೆಗಾರ ಆರ್ಥರ್ ಮೇಯರನೂ ಮುಖ್ಯರು. ಅವರು ತಂದ ‘ರೋಮ್ ಓಪನ್ ಸಿಟಿ’ 1946ರಲ್ಲಿ, ‘ಪೈಸಾನ್’ 1948ರಲ್ಲಿ, ‘ಬೈಸಿಕಲ್ ಥೀವ್ಸ್’ 1949ರಲ್ಲಿ ವಿಮರ್ಶಕರ ಪರದೇಶಿ ಚಿತ್ರದ ಪ್ರಶಸ್ತಿಯನ್ನು ಪಡೆದುವು. ದೊಡ್ಡ ಕಂಪೆನಿಗಳಂತೆ ಬೀದಿಬೀದಿಗೆ ಭಿತ್ತಿಪತ್ರ ಅಂಟಿಸುವ ಶಕ್ತಿಯಿಲ್ಲದ ಇಂಥ ವ್ಯಾಪಾರಿಗೆ ವಿಮರ್ಶಕರ ಒಂದು ಮೆಚ್ಚುಮಾತೇ ಬಂಡವಾಳ.

1950ರ ಡಿಸೆಂಬರ್ 12ರಂದು ಬರ್ಸ್ಟಿನ್ನನು 58ನೆಯ ಬೀದಿಯ ಪ್ಯಾರಿಸ್ ಚಿತ್ರಮಂದಿರದಲ್ಲಿ ‘ವೇಸ್ ಆಫ್ ಲವ್’ ಎಂಬ ಹೆಸರಿನಲ್ಲಿ ಮೂರು ಕಿರುಚಿತ್ರಗಳನ್ನು ಒಟ್ಟುಗೂಡಿಸಿ ತೋರಿಸಿದನು. ಎರಡು ಫ್ರಾನ್ಸಿನವು, ಮೂರನೆಯದು ಇಟಲಿಯ ರೊಸೆಲ್ಲಿನಿಯ ‘ದಿ ಮಿರಕಲ್’. ಬೆಟ್ಟದ ಮೇಲೆ ಆಡು ಮೇಯಿಸುವ, ಬುದ್ಧಿ ಬಲಿಯದ ಒಬ್ಬ ಬಡ ಹೆಂಗಸು. ದಾರಿಹೋಕನಾದ ಗಡ್ಡದವನೊಬ್ಬನನ್ನು ಸಂತ ಜೋಸೆಫನೆಂದೇ ನಂಬಿ ಮೋಸಹೋಗುವಳು. ಬಸಿರಾದಾಗ ಅದು ದೈವಕೃಪೆಯೆಂದೇ ಅವಳ ನಂಬಿಕೆ. ಊರು ನಗುತ್ತದೆ, ಅಟ್ಟಾಡಿಸುತ್ತದೆ. ಕೊನೆಗೆ ಬೆಟ್ಟದ ಮೇಲಿನ ಗುಡಿಯೊಂದರಲ್ಲಿ ಒಬ್ಬಂಟಿಯಾಗಿ ಹೆರುತ್ತಾಳೆ. ಆ ಹೆಂಗಸಾಗಿ ಅನ್ನಾ ಮ್ಯಾನ್ಯಾನಿ ನಟಿಸಿದ್ದಳು. ದಾರಿಹೋಕನಾಗಿ, ಮುಂದೆ ಜಗತ್ಪ್ರಸಿದ್ಧ ನಿರ್ದೇಶಕನಾದ ಫೆಲ್ಲಿನಿ.

ರಾಜ್ಯದ ಸೆನ್ಸಾರಿನವರು ಅನುಮತಿ ಕೊಟ್ಟಿದ್ದ ಚಿತ್ರವಿದು. ಆದರೂ ಡಿಸೆಂಬರ್ 23ರಂದು ನಗರದ ಪರವಾನಗಿ ಅಧಿಕಾರಿಯು ಇದು ದೈವನಿಂದೆಯೆಂದು ಹೇಳಿ, ಚಿತ್ರವನ್ನು ತೆಗೆಯದಿದ್ದರೆ ಮಂದಿರದ ಪರವಾನಗಿಯೇ ಹೋಗುವುದೆಂದು ಎಚ್ಚರಿಸಿದನು. ವಿವಾದ ಹೀಗೆ ಕುದಿಯುತ್ತಿರುವಾಗಲೇ ವಿಮರ್ಶಕರು ಮತಕ್ಕೆ ಕುಳಿತರು. ಅವರ ಆಯ್ಕೆ ‘ವೇಸ್ ಆಫ್ ಲವ್’. ವರ್ಷದ ಶ್ರೇಷ್ಠ ಪರದೇಶಿ ಚಿತ್ರ.

ಜನವರಿ ಮೊದಲ ವಾರದಲ್ಲಿ ನ್ಯಾಯಾಲಯವು ಪರವಾನಗಿ ಅಧಿಕಾರಿಯ ಕೈ ಕಟ್ಟಿತು. ಚಿತ್ರ ಮರಳಿ ತೆರೆಗೆ ಬಂದಿತು. ಜನವರಿ 7ರ ಭಾನುವಾರ ಸಂತ ಪ್ಯಾಟ್ರಿಕ್ಕನ ದೇವಾಲಯದಲ್ಲಿ ಕಾರ್ಡಿನಲ್ ಸ್ಪೆಲ್‌ಮನ್ನನ ಖಂಡನಾಪತ್ರವನ್ನು ಓದಲಾಯಿತು. ಭಕ್ತರು ಫಲಕಗಳನ್ನು ಹಿಡಿದು ಪ್ಯಾರಿಸ್ ಮಂದಿರದ ಮುಂದೆ ಸಾಲುಗಟ್ಟಿದರು. ಬಾಂಬಿನ ಬೆದರಿಕೆ ಬಂದು ಪ್ರೇಕ್ಷಕರನ್ನು ಹೊರಗೆ ಕಳುಹಿಸಬೇಕಾಯಿತು. ವಿಮರ್ಶಕರ ಸಮಾರಂಭವು ಆ ವರ್ಷ ರೇಡಿಯೋ ಸಿಟಿ ಭವನದಲ್ಲಿ ನಡೆಯಬೇಕಾಗಿದ್ದಿತು. ಭವನವನ್ನೇ ಬಹಿಷ್ಕರಿಸುವ ಸೂಚನೆ ಬಂದೊಡನೆ ಆ ಬಾಗಿಲು ಮುಚ್ಚಿತು. ವಿಮರ್ಶಕರು ಪ್ರಶಸ್ತಿಯನ್ನು ಹಿಂದೆಗೆದುಕೊಳ್ಳಲಿಲ್ಲ, ಸ್ಥಳವನ್ನು ಬದಲಿಸಿದರು. ಆರು ಸಾವಿರ ಆಸನಗಳ ಭವನವನ್ನು ಬಿಟ್ಟು, ಜನವರಿಯ ಕೊನೆಯಲ್ಲಿ ಪಕ್ಕದ ಗೋಪುರದ ರೇನ್‌ಬೋ ರೂಮಿನಲ್ಲಿ ಗೌರವವನ್ನು ಒಪ್ಪಿಸಿದರು.

ಇಂದು ಆ ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುವವನಿಗೆ 65ನೆಯ ಅಂತಸ್ತು ಮೋಡದ ನೆರೆಮನೆಯಂತೆ ತೋರುವುದು. ಆ ಸಂಜೆ ಅಲ್ಲಿ ಕೂಡಿದವರು ವೀರರೇನೂ ಅಲ್ಲ. ಸಂಬಳಕ್ಕೆ ಬರೆಯುವ, ಮರುದಿನದ ಸಂಚಿಕೆಯ ಗಡುವಿಗೆ ಹೆದರುವ ಗೃಹಸ್ಥರು. ಅವರಲ್ಲಿ ಎಲ್ಲರಿಗೂ ಆ ಚಿತ್ರ ಒಂದೇ ಸಮನೆ ಮೆಚ್ಚಿಕೆಯಾಗಿರಬೇಕೆಂದೂ ಇಲ್ಲ. ನೋಡಿ ಆರಿಸಿದ ಮೇಲೆ, ಬೀದಿಯ ಗದ್ದಲಕ್ಕಾಗಿ ಆಯ್ಕೆಯನ್ನು ತಿದ್ದಬಾರದೆಂಬುದಿಷ್ಟೇ ಅವರ ಧರ್ಮ.

ಬರ್ಸ್ಟಿನ್ನನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1951ರ ಫೆಬ್ರವರಿ 16ರಂದು ರಾಜ್ಯದ ಶಿಕ್ಷಣಾಧಿಕಾರ ಮಂಡಲಿ ಚಿತ್ರದ ಅನುಮತಿಯನ್ನು ರದ್ದುಮಾಡಿತು. ರಾಜ್ಯದ ನ್ಯಾಯಾಲಯಗಳು ಅದನ್ನೇ ಎತ್ತಿಹಿಡಿದುವು. ಚಿಕ್ಕ ವ್ಯಾಪಾರಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದನು. 1915ರಲ್ಲಿ ಅದೇ ಕೋರ್ಟು ಚಲಚ್ಚಿತ್ರವು ಬರಿಯ ವ್ಯಾಪಾರವೆಂದೂ, ವಾಕ್ಸ್ವಾತಂತ್ರ್ಯದ ರಕ್ಷಣೆ ಅದಕ್ಕೆ ಸಲ್ಲದೆಂದೂ ತೀರ್ಮಾನಿಸಿದ್ದಿತು. 1952ರ ಮೇ 26ರಂದು ನ್ಯಾಯಮೂರ್ತಿಗಳು ಏಕಮತದಿಂದ ಬರ್ಸ್ಟಿನ್ನನ ಪಕ್ಷಕ್ಕೆ ತೀರ್ಪು ಕೊಟ್ಟು, ಪುಸ್ತಕ ಪತ್ರಿಕೆಗಳಿಗಿರುವ ಸಂವಿಧಾನದ ಆಸರೆ ಚಲಚ್ಚಿತ್ರಕ್ಕೂ ಉಂಟೆಂದು ಸಾರಿದರು. ಮೂವತ್ತೇಳು ವರ್ಷಗಳ ಹಳೆಯ ತೀರ್ಪು ಬಿದ್ದುಹೋಯಿತು. ಮರುವರ್ಷ ಬರ್ಸ್ಟಿನ್ ತೀರಿಕೊಂಡನು.

ತಪ್ಪುವ ಹಕ್ಕು

ದೇವಾಲಯದಿಂದ ಉತ್ತರಕ್ಕೆ ಕೆಲವೇ ಹೆಜ್ಜೆ. 53ನೆಯ ಬೀದಿಯಲ್ಲಿ ಆಧುನಿಕ ಕಲೆಯ ವಸ್ತುಸಂಗ್ರಹಾಲಯ. ಭಾರತದಿಂದ ಬಂದವನ ಹೆಜ್ಜೆ ಇಲ್ಲಿ ತಾನಾಗಿ ನಿಧಾನವಾಗುವುದು. 1955ರ ವಸಂತದಲ್ಲಿ ಇಲ್ಲಿ ಭಾರತದ ನೆಯ್ಗೆ ಮತ್ತು ಆಭರಣ ಕಲೆಗಳ ಪ್ರದರ್ಶನ ನಡೆದಾಗ, ಮಂಗಳೂರಿನಲ್ಲಿ ಹುಟ್ಟಿದ ನರ್ತಕಿ ಶಾಂತಾರಾವ್ ಅವರು ನರ್ತಿಸಿದರು. ಉಸ್ತಾದ್ ಅಲಿ ಅಕ್ಬರ್ ಖಾನರು ಸರೋದ್ ನುಡಿಸಿದರು. ಅದೇ ಮೇ 3ರಂದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಜಗತ್ತಿನಲ್ಲಿಯೇ ಮೊದಲ ಸಲ ತೆರೆಯ ಮೇಲೆ ಬಂದಿತು, ಇಂಗ್ಲಿಷ್ ಅಡಿಬರಹವೂ ಇಲ್ಲದೆ.

ಮೂರು ವರ್ಷಗಳ ಮೇಲೆ, 1958ರಲ್ಲಿ, ಆ ಚಿತ್ರ ನಗರದ ದಕ್ಷಿಣದ ಒಂದು ಪುಟ್ಟ ಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನ ಕಂಡಿತು. ‘ಟೈಮ್ಸ್’ ಪತ್ರಿಕೆಯ ಪ್ರಭಾವಶಾಲಿ ವಿಮರ್ಶಕ ಬಾಸ್ಲಿ ಕ್ರೌಥರನು, ‘ದಿ ಮಿರಕಲ್’ ಚಿತ್ರದ ಪರವಾಗಿ ಗಟ್ಟಿಯಾಗಿ ಬರೆದವನೇ, ರಾಯ್ ಅವರ ಚಿತ್ರದ ಕಟ್ಟು ಸಡಿಲವೆಂದೂ ಗತಿ ಮಂದವೆಂದೂ ಆಕ್ಷೇಪಿಸಿದನು. ಆದರೆ ಜನ ಬಂದರು. ಚಿತ್ರ ಸುಮಾರು ಎಂಟು ತಿಂಗಳು ನಡೆಯಿತು. ಆ ವರ್ಷ ವಿಮರ್ಶಕರ ಪರದೇಶಿ ಚಿತ್ರದ ಗೌರವ ಫ್ರಾನ್ಸಿನ ‘ಮೋನಾಂಕ್ಲ್’ ಚಿತ್ರಕ್ಕೆ ಸಂದಿತು. ದುರ್ಗೆ ಮತ್ತು ಅಪುವಿನ ಕಥೆಗೆ ಇಲ್ಲಿ ಮಣೆ ಸಿಕ್ಕಲಿಲ್ಲ.

ಸ್ವತಂತ್ರರಾದ ಮಾತ್ರಕ್ಕೆ ವಿಮರ್ಶಕರು ಸರ್ವಜ್ಞರಾಗುವುದಿಲ್ಲ. ಸ್ವಾತಂತ್ರ್ಯವೆಂದರೆ ಸರಿಯಾಗಿ ಹೇಳುವ ಹಕ್ಕಿನಷ್ಟೇ ತಪ್ಪಾಗಿ ಹೇಳುವ ಹಕ್ಕು ಕೂಡ. ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುವನು. ಇಬ್ಬರೂ ತಪ್ಪಿದರೆ ಟಿಕೇಟು ಕೊಂಡು ಬಂದ ಪ್ರೇಕ್ಷಕನು ತಿದ್ದುವನು. ಯಾರದೋ ಅಪ್ಪಣೆಯಂತೆ ಬಂದ ತೀರ್ಪನ್ನು ತಿದ್ದುವುದು ಇಷ್ಟು ಸುಲಭವಲ್ಲ.

ಮಂಡಲಿಯೂ ತನ್ನ ಮಣೆಗಳ ಏರ್ಪಾಟನ್ನು ಬದಲಿಸಿಕೊಂಡಿತು. ಕೆಲವು ಕಾಲ ಮನೆಯ ಚಿತ್ರ, ಹೊರಗಿನ ಚಿತ್ರವೆಂಬ ಭೇದವನ್ನೇ ಬಿಟ್ಟು, ಫ್ರಾನ್ಸಿನ ‘ಝೀ’ಯನ್ನು 1969ರಲ್ಲಿ, ಸ್ವೀಡನ್ನಿನ ‘ಕ್ರೈಸ್ ಅಂಡ್ ವಿಸ್ಪರ್ಸ್’ ಚಿತ್ರವನ್ನು 1972ರಲ್ಲಿ, ಇಟಲಿಯ ‘ಅಮರ್ಕಾರ್ಡ್’ ಚಿತ್ರವನ್ನು 1974ರಲ್ಲಿ ಒಟ್ಟಾರೆ ವರ್ಷದ ಶ್ರೇಷ್ಠ ಚಿತ್ರಗಳೆಂದು ಆರಿಸಿತು. ಈ ಆಯ್ಕೆಗೆ ಯಾವ ಸರ್ಕಾರದ ಶಿಫಾರಸೂ ಬೇಕಿಲ್ಲ. ಆಸ್ಕರ್ ಸ್ಪರ್ಧೆಯ ಪರಭಾಷಾ ವಿಭಾಗಕ್ಕೆ ಒಂದು ದೇಶದಿಂದ ಒಂದೇ ಚಿತ್ರ, ಅದೂ ಆ ದೇಶದ ಸಮಿತಿ ಆರಿಸಿದ್ದೇ ಹೋಗಬೇಕಾಗಿದ್ದಿತು. ಇಲ್ಲಿ ಹಾಗಲ್ಲ, ಊರಿನ ಮಂದಿರಕ್ಕೆ ಬಂದ ಚಿತ್ರವನ್ನು ಊರಿನ ವಿಮರ್ಶಕರು ನೋಡಿದರಾಯಿತು.

ಇದರ ಲಾಭ ಭಾರತಕ್ಕೆ ಈಚೆಗೆ ಎರಡು ಸಲ ದೊರೆತಿದೆ. 2022ರಲ್ಲಿ ಆಸ್ಕರಿಗೆ ಭಾರತದಿಂದ ಹೋದುದು ಗುಜರಾತಿಯ ‘ಛೆಲ್ಲೋ ಶೋ’. ಆದರೆ ನ್ಯೂಯಾರ್ಕಿನ ವಿಮರ್ಶಕರು ಅದೇ ವರ್ಷದ ಶ್ರೇಷ್ಠ ನಿರ್ದೇಶಕರೆಂದು, ದೇಶವಿದೇಶಗಳ ಎಲ್ಲರ ನಡುವೆ, ತೆಲುಗಿನ ‘ಆರ್‌ಆರ್‌ಆರ್’ ಚಿತ್ರದ ಎಸ್.ಎಸ್. ರಾಜಮೌಳಿಯವರನ್ನು ಆರಿಸಿದರು. 2023ರ ಜನವರಿಯಲ್ಲಿ ಆ ಗೌರವವನ್ನು ಸ್ವೀಕರಿಸಲು ನಗರಕ್ಕೆ ಬಂದ ರಾಜಮೌಳಿಯವರು ಹುಟ್ಟಿದುದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ. 2024ರಲ್ಲಿ ಭಾರತದಿಂದ ಅಧಿಕೃತವಾಗಿ ಹೋದುದು ‘ಲಾಪತಾ ಲೇಡೀಸ್’. ವಿಮರ್ಶಕರು ಶ್ರೇಷ್ಠ ಅಂತಾರಾಷ್ಟ್ರೀಯ ಚಿತ್ರವೆಂದು ಆರಿಸಿದುದು ಮುಂಬಯಿಯ ದಾದಿಯರ ಬಾಳನ್ನು ಕುರಿತ, ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’. ಅಪುವಿಗೆ ಸಿಕ್ಕದ ಮಣೆ ಅರವತ್ತಾರು ವರ್ಷಗಳ ಮೇಲೆ ಮಲಯಾಳ ಮಾತಾಡುವ ಇಬ್ಬರು ದಾದಿಯರಿಗೆ ಸಿಕ್ಕಿತು.

ಪ್ಯಾರಿಸ್ಸಿನ ಬಾಗಿಲಲ್ಲಿ

ನಡಿಗೆ ಮುಗಿಯುವುದು 58ನೆಯ ಬೀದಿಯಲ್ಲಿ, ಪ್ಲಾಜಾ ಹೋಟೆಲಿನ ಮಗ್ಗುಲಿಗೆ. ಸುತ್ತಲಿನ ಸಿರಿವಂತಿಕೆಯ ನಡುವೆ ಪ್ಯಾರಿಸ್ ಮಂದಿರ ತಗ್ಗಾಗಿ, ಮಾತು ಕಡಿಮೆಯಾದ ಅತಿಥಿಯಂತೆ ನಿಂತಿದೆ. 1948ರಲ್ಲಿ ತೆರೆದಂದಿನಿಂದ ಇದಕ್ಕೆ ಒಂದೇ ತೆರೆ. ಇದೇ ಕಾಲುದಾರಿಯ ಮೇಲೆ ಭಕ್ತರ ಸಾಲು ನಿಂತಿದ್ದಿತು. ಆ ಸಾಲನ್ನು ದಾಟಿಕೊಂಡು ಟಿಕೇಟು ಕೊಂಡವರೂ ಇದ್ದರು. ನಂಬಿಕೆ ನೊಂದಿತೆಂದು ಬೀದಿಗಿಳಿದವರ ನೋವೂ ಸುಳ್ಳಲ್ಲ. ನೋಡದಿರುವ ಹಕ್ಕು ಅವರಿಗಿದ್ದಿತು. ಉಳಿದವರಿಗೆ ನೋಡುವ ಹಕ್ಕೂ ಇರಬೇಕೆಂಬುದೇ ವಾದ.

2019ರ ಆಗಸ್ಟಿನಲ್ಲಿ ಈ ಮಂದಿರ ಮುಚ್ಚಿದಾಗ, ಮ್ಯಾನ್‌ಹಟನ್ನಿನ ಮತ್ತೊಂದು ದೀಪ ಆರಿತೆಂದು ಹಲವರು ಮರುಗಿದರು. ಅದೇ ನವೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಗುತ್ತಿಗೆ ಹಿಡಿದವರು ನೆಟ್‌ಫ್ಲಿಕ್ಸ್ ಸಂಸ್ಥೆಯವರು. ಮನೆಯಲ್ಲಿ ಕುಳಿತೇ ಚಿತ್ರ ನೋಡಿರೆಂದು ಜಗತ್ತಿಗೆ ಕಲಿಸಿದವರೇ ಊರಿನ ಹಳೆಯ ಮಂದಿರವೊಂದಕ್ಕೆ ಆಸರೆಯಾದರು. ಕಾಲದ ವಿನೋದಗಳು ಹೀಗಿರುತ್ತವೆ.

ಪತ್ರಿಕೆಗಳು ಕಡಿಮೆಯಾಗಿವೆ, ಸಾರ್ಡಿಯ ಬೆನ್ನಿನ ಅಚ್ಚುಯಂತ್ರಗಳ ಸದ್ದು ಎಂದೋ ಅಡಗಿದೆ. ಆದರೂ ಪ್ರತಿ ವರ್ಷ ಡಿಸೆಂಬರ್ ಬಂದೊಡನೆ ನಗರದ ವಿಮರ್ಶಕರು ಒಂದು ದಿನ ಕೂಡುತ್ತಾರೆ. ವಾದಿಸುತ್ತಾರೆ, ಮತ ಹಾಕುತ್ತಾರೆ, ಒಮ್ಮೆ ಸರಿಹೋಗುತ್ತಾರೆ, ಒಮ್ಮೆ ತಪ್ಪುತ್ತಾರೆ. ಸಂಜೆಯಾದಂತೆ ಪ್ಯಾರಿಸ್ಸಿನ ಹೊರಚಾವಣಿಯ ದೀಪ ಹತ್ತುತ್ತದೆ. ಟಿಕೇಟಿನ ಕಿಂಡಿಯ ಮುಂದೆ ನಾಲ್ಕಾರು ಜನ ಕೋಟಿನ ಕಾಲರನ್ನೇರಿಸಿ ಚಳಿಯಲ್ಲಿ ಕಾಯುತ್ತಾರೆ. ಅವರನ್ನು ತಡೆಯುವ ಸಾಲು ಇಂದು ಅಲ್ಲಿಲ್ಲ.